ಹಡಗಿನಿಂದ ಬಂದ ಒಂದು ಹೂಂ

ಮಾಗಡಿಯ ರಕ್ಷಿತಾಳ ಓದೆಲ್ಲ ಮಣ್ಣುಪಾಲು. ಬೇರೆಯವರಿಗೆ ಅದು ನಷ್ಟ, ಅವಳಿಗೆ ಸಂಬಳ. ಸಮುದ್ರದ ತಳದಲ್ಲಿ ಬೆಂಕಿಯ ಬದಲು ತಣ್ಣನೆಯ ಕೆಸರನ್ನೂ ಮೀಥೇನ್ ಅನಿಲವನ್ನೂ ಕಕ್ಕುವ ಜ್ವಾಲಾಮುಖಿಗಳಿವೆ. ಆ ಅನಿಲದಲ್ಲಿ ನೀರು ನುಂಗುವುದೆಷ್ಟು, ಮೇಲಕ್ಕೆ ಬರುವುದೆಷ್ಟು ಎಂದು ಅಳೆಯುವುದು ಅವಳ ಕೆಲಸ.

ಬಸ್‌ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಶಿವಕಿರಣ್ ಗಿರಾಕಿಗಳಿಗೆ ಇಷ್ಟನ್ನೂ ಒಂದೇ ಮಾತಲ್ಲಿ ಮುಗಿಸುತ್ತಿದ್ದ: "ಸಮುದ್ರಕ್ಕೆ ಗ್ಯಾಸ್ಟ್ರಿಕ್ ಆಗೈತೆ ಕಣಣ್ಣ. ನಮ್ಮನೆಯವಳೇ ಡಾಕ್ಟ್ರು."

ಈ ಸಲ ಹಡಗು ಹತ್ತಲು ಹೊರಟ ಅವಳ ಬ್ಯಾಗನ್ನು ಬಸ್ಸಿಗೇರಿಸುತ್ತ, "ಕೆಸರು ನಮ್ ಕೆರೇಲೇ ಐತಲ್ಲೇ, ಅಷ್ಟ್ ದೂರ ಯಾಕ್ ಹೋಯ್ತೀಯ?" ಎಂದ.

"ನಿಮ್ ಕೆರೆ ಸಂಬಳ ಕೊಡುತ್ತಾ?"

ಹಡಗು ಅಂಡಮಾನ್ ಕಡೆಯ ಕಡಲಲ್ಲಿದ್ದಾಗ ಅವನು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮಾವ ಗವಿಸಿದ್ದಯ್ಯ ಹಡಗಿನ ಫೋನಿಗೆ ಕರೆ ಮಾಡಿದಾಗ ರಕ್ಷಿತಾಳ ಮೊಣಕೈವರೆಗೂ ಕೆಸರು. ತಳಕ್ಕಿಳಿಸಿದ್ದ ಕೊಳವೆ ಆಗಷ್ಟೇ ಮೇಲೆ ಬಂದಿತ್ತು. ಅಂಥ ಕೆಸರು ತಡ ಸಹಿಸುವುದಿಲ್ಲ. ಕೂಡಲೇ ಸಿರಿಂಜಿಗೆ ತುಂಬಿ ಮುಚ್ಚದಿದ್ದರೆ ಅನಿಲವೆಲ್ಲ ಹಾರಿಹೋಗುತ್ತದೆ. ಹಡಗು ತಿರುಗಿಸುತ್ತೇವೆ ಎಂದರು ಹಡಗಿನವರು. ಆದರೂ ಮಾಗಡಿ ಸೇರಲು ನಾಲ್ಕು ದಿನ.

ಗಂಡನ ಮನೆತನದಲ್ಲಿ ಹೂಳುವ ಪದ್ಧತಿ. ವಿಭೂತಿ ಹಚ್ಚಿ, ಪತ್ರೆ ಹಾಕಿ, ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹೆಂಡತಿಯಿಲ್ಲದೆ ಹೇಗೆ ಎಂದರು ಕೆಲವರು. ಎಷ್ಟು ದಿನ ಕಾಯೋದು ಎಂದರು ಉಳಿದವರು.

"ಐಸ್ ಬಾಕ್ಸ್ ತರಿಸ್ಲಾ, ಇಲ್ಲ ಇವತ್ತೇ ಮಣ್ಣು ಮಾಡ್ಬುಡ್ಲಾ? ನೀನ್ ಹೆಂಗಂದ್ರೆ ಹಂಗೆ ಕಣವ್ವ," ಎಂದರು ಗವಿಸಿದ್ದಯ್ಯ.

ಶಾಮಿಯಾನದಡಿ ಕೂತ ನೆಂಟರು, ಬಿಪಿ ಇರುವ ಅತ್ತೆ ಬಸವಲಿಂಗಮ್ಮ ಅವಳ ಕಣ್ಣ ಮುಂದೆ ಬಂದರು. ಆ ಪೆಟ್ಟಿಗೆಯ ಎದುರು ಅತ್ತೆಯನ್ನು ನಾಲ್ಕು ದಿನ ಕೂರಿಸುವುದು ಬೇಡವೆನಿಸಿತು.

"ಹೂಂ ಮಾವ, ಇವತ್ತೇ. ನನಗೋಸ್ಕರ ಕಾಯ್ಬೇಡಿ."

ಫೋನಿಟ್ಟು ಹೋಗಿ ಸಿರಿಂಜು ತುಂಬಿದಳು. ಜೊತೆಯವರು ಬಿಡಿ ಎಂದರೂ ಬಿಡಲಿಲ್ಲ. ಆ ಕೆಸರಿಗಾದರೂ ಅವಳು ಸಮಯಕ್ಕೆ ಸರಿಯಾಗಿ ಇದ್ದಳು.

ಮನೆ ಮುಟ್ಟಿದಾಗ ಯಾರೂ ಬೈಯಲಿಲ್ಲ. ಬಸವಲಿಂಗಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಅನ್ನ ಬಡಿಸಿದರು. ಸೊಸೆ ಮೊದಲ ತುತ್ತು ನುಂಗುವವರೆಗೂ ಕಾದರು.

"ಅವತ್ತೇ ಮಣ್ಣು ಮಾಡೋದು ಬ್ಯಾಡ ಅಂತೀಯ ಅಂದ್ಕೊಂಡಿದ್ದೆ ಕಣವ್ವ," ಎಂದರು ಆಮೇಲೆ, ಮೆಲ್ಲಗೆ. "ನಿನ್ ಹೆಸ್ರೇಳ್ಕೊಂಡಾದ್ರೂ ಇನ್ನಾಕು ದಿನ ನನ್ ಮಗ ಮನೇಲಿರ್ತಿದ್ದ."

ರಕ್ಷಿತಾ ತಟ್ಟೆಯಲ್ಲಿದ್ದ ಅನ್ನವನ್ನು ಕಲೆಸುತ್ತಲೇ ಇದ್ದಳು.