ಮಾಳಿಗೆಯ ಮೇಲಿನ ಮಣ್ಣು

"ಟಕ್."

ಅಷ್ಟೇ. ಯಾರೋ ನೆಟಿಕೆ ಮುರಿದಷ್ಟು ಸದ್ದು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊಸ ಮನೆ (ಹೊಸದು ನಮಗೆ ಮಾತ್ರ), ದಿನಕ್ಕೊಂದು ಸದ್ದು ಮಾಡುತ್ತದೆ. ಇಲಿ ಇರಬೇಕು ಅಂದುಕೊಂಡೆ.

ಆಮೇಲೆ ಇನ್ನೊಂದು. "ಟಕ್... ಟರ್‌ರ್‌ರ್."

ಇಲಿ ಟರ್ ಅನ್ನುವುದಿಲ್ಲ. ರೊಟ್ಟಿ ಹಂಚಿನ ಮೇಲೇ ಬಿಟ್ಟು ನಡುಮನೆಯ ಬಾಗಿಲಿಗೆ ಬಂದೆ. ತಲೆಯೆತ್ತಿದೆ. ಕಪ್ಪಗೆ ಹೊಗೆ ಹಿಡಿದ ದೊಡ್ಡ ತೊಲೆಯ ನಟ್ಟನಡುವೆ ಬಿಳಿ ಗೆರೆಯೊಂದು ಕಾಣಿಸಿತು. ಹಳೇ ಕಟ್ಟಿಗೆ ಒಳಗೆ ಅಷ್ಟು ಬೆಳ್ಳಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಗೆರೆಯಿಂದ ಮಣ್ಣು ಸಣ್ಣಗೆ ಉದುರುತ್ತಿತ್ತು.

ಅದರ ಕೆಳಗೆ ಕಂಬಳಿ ಹಾಸಿಕೊಂಡು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣು ಅರೆ ಮುಚ್ಚಿ ಕೂತಿದ್ದವರು ನಮ್ಮತ್ತೆ.

ಮೊದಲು ಈ ಮನೆ ನಮಗೆ ಗಂಟುಬಿದ್ದ ಕಥೆ ಹೇಳಿಬಿಡುತ್ತೇನೆ. ನಮ್ಮ ಸಂಸಾರ ಇಷ್ಟು ವರ್ಷ ನಡೆದದ್ದು ವಾಡಿಯ ಕ್ವಾರ್ಟರ್ಸಿನಲ್ಲಿ (ಅದರ ಗೋಳು ಈ ಅಂಕಣದಲ್ಲಿ ನೀವು ಬೇಕಾದಷ್ಟು ಓದಿದ್ದೀರಿ). ಗೋಡೆಗೊಂದು ಮೊಳೆ ಹೊಡೆಯಲೂ ಅಲ್ಲಿ ಪರ್ಮಿಷನ್ ಬೇಕು. ನಮ್ಮವರ ರಿಟೈರ್‌ಮೆಂಟ್ ಹತ್ತಿರ ಬಂತು. ಕ್ವಾರ್ಟರ್ಸ್ ಬಿಡಲೇಬೇಕು. ನಾನು ಕಲಬುರಗಿಯಲ್ಲಿ ಒಂದು ಫ್ಲಾಟ್ ತಗೊಳ್ಳೋಣ ಅಂದೆ. ಅತ್ತೆ ಒಪ್ಪಲಿಲ್ಲ.

"ಫ್ಲಾಟಿನಾಗ ಮ್ಯಾಲಿನ ಚತ್ತೂ ಮಂದೀದು, ಕೆಳಗಿನ ನೆಲಾನೂ ಮಂದೀದು. ನಡಬರಕ ತೂಗಾಡ್ಲಿಕ್ಕೆ ನಾ ಏನ್ ಬಾವಲಿ ಏನು?"

ಬಾವಲಿ ಸಿಕ್ಕಿದ್ದು ಮುಂದೆ. ಹಳೇ ಶಹಾಬಾದಿನ ಓಣಿಯೊಂದರಲ್ಲಿ ಒಂದು ಕಲ್ಲಿನ ಮನೆ ಮಾರಾಟಕ್ಕಿದೆ ಅಂತ ನೋಡಲು ಹೋದೆವು. ಬಾಗಿಲಿಗೆ ಗೆದ್ದಲು. ಗೋಡೆಯ ಸಂದಿಯಲ್ಲಿ ಅರಳಿ ಗಿಡ. ಹಿಂದಿನ ಕೋಣೆಯ ತುಂಬ ಬಾವಲಿ. ಪಕ್ಕದ ಶರಣಮ್ಮನ ಮನೆಗೂ ಇದಕ್ಕೂ ನಡುವೆ ಗೋಡೆ ಒಂದೇ. ಅವರ ತೊಲೆ ಆ ಕಡೆಯಿಂದ, ನಮ್ಮ ತೊಲೆ ಈ ಕಡೆಯಿಂದ ಬಂದು ಅದರ ಮೇಲೆ ಕೂತಿವೆ. ಅವರು ಒಗ್ಗರಣೆ ಕೊಟ್ಟರೆ ನಾವು ಸೀನಬೇಕು.

ನಾನು ಹೊರಡೋಣ ಅಂತ ಕಣ್ಸನ್ನೆ ಮಾಡಿದೆ. ಅತ್ತೆ ಚಪ್ಪಲಿ ಬಿಟ್ಟು ಒಳಗೆ ನಡೆದರು. ನೆಲಕ್ಕೆ ಶಹಾಬಾದ್ ಫರಸಿ. ತಲೆಮಾರುಗಳ ಮಂದಿ ನಡೆದಾಡಿ ಆ ಕಲ್ಲು ನುಣ್ಣಗೆ, ತಣ್ಣಗೆ ಆಗಿತ್ತು. ಅತ್ತೆ ಪಾದ ಉಜ್ಜಿ ನೋಡಿದರು. "ಇದಾ ಮನಿ" ಅಂದರು. ಮುಗೀತು!

ಮಾರಿದವರು ಗುರುಪಾದಪ್ಪ. ಎರಡು ಓಣಿ ಆಚೆ ಹೊಸ ಆರ್‌ಸಿಸಿ ಮನೆ ಕಟ್ಟಿಸಿಕೊಂಡಿದ್ದಾರೆ. ಬೀಗದ ಕೈ ಕೊಡುವಾಗ ಅವರ ದನಿ ಸಣ್ಣಗಾಗಿತ್ತು.

"ಮಾಳಿಗಿ ಚಿಂತಿ ಬ್ಯಾಡ್ರಿ ಅಕ್ಕೋರ. ವರ್ಷಾ ಮಣ್ಣ ಹಾಕೀವಿ. ನಮ್ಮ ಮುತ್ಯಾನ ಕಾಲದಿಂದ ಒಂದ್ ವರ್ಷಾನೂ ತಪ್ಪಿಸಿಲ್ಲ."

ಎಂಥ ಜನ, ಎಷ್ಟು ಕಾಳಜಿಯಿಂದ ಇಟ್ಟುಕೊಂಡಿದ್ದಾರೆ ಅಂತ ನಾವು ತಲೆದೂಗಿದೆವು. ಈ ಕಡೆಯವರಲ್ಲದವರಿಗೆ ಒಂದು ಮಾತು. ಇಲ್ಲಿ ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಲ್ಲಿನ ಚಪ್ಪಡಿ, ಅದರ ಮೇಲೆ ಮಣ್ಣು. ನಮ್ಮ ಬಿಸಿಲಿಗೆ ಇದಕ್ಕಿಂತ ತಂಪು ಸೂರು ಇಲ್ಲ. ಆದರೆ ಮಳೆಗೆ ಸೋರುತ್ತದೆ. ಸೋರಿದರೆ ಏನು ಮಾಡುತ್ತಾರೆ? ಮಣ್ಣು ಹಾಕುತ್ತಾರೆ. ನಾವೂ ಹಾಕಿಸಿದೆವು. ಮಳೆಗಾಲಕ್ಕೆ ಮುಂಚೆ ಅತ್ತೆ ಟ್ರ್ಯಾಕ್ಟರ್ ತರಿಸಿ, ಅಂಗಳದಲ್ಲಿ ನಿಂತು, "ಇನ್ನೊಂದ್ ಬುಟ್ಟಿ... ಆ ಮೂಲಿಗೆ ಇನ್ನೊಂದ್ ಬುಟ್ಟಿ" ಅಂತ ಹುರುಪಿನಿಂದ ಹಾಕಿಸಿದರು. ಮನೆಯ ಇಂಚಿಂಚೂ ನೋಡಿ ಕೊಂಡವರು ನಾವು. ವೈರಿಂಗ್ ನೋಡಿದೆವು, ಮೋರಿ ನೋಡಿದೆವು, ವಾಸ್ತು ಕೂಡ ನೋಡಿದೆವು. ಮಾಳಿಗೆಯ ಮೇಲೆ ಎಷ್ಟು ಮಣ್ಣಿದೆ ಅಂತ ಯಾರಾದರೂ ಕೆದಕಿ ನೋಡಿದೆವಾ?

ಕಳೆದ ವಾರ ಒಂದು ರಾತ್ರಿಯೆಲ್ಲ ಮಳೆ ಹೊಡೆಯಿತು. ಒಂದು ಹನಿಯೂ ಸೋರಲಿಲ್ಲ. ಬೆಳಿಗ್ಗೆ ಅತ್ತೆ ಗೆದ್ದವರ ಹಾಗೆ ನನ್ನ ಮುಖ ನೋಡಿದರು. ಆ ದಿನ ನಳ ಬಂದದ್ದು ತಡ. ಅವರ ಸ್ನಾನ ತಡ, ಪೂಜೆಯೂ ತಡ. ಪೂಜೆಯಾಗದೆ ಅವರು ಹನಿ ನೀರೂ ಮುಟ್ಟುವುದಿಲ್ಲ. ಲಿಂಗ ಅಂಗೈಗೆ ಬಂದಮೇಲೆ ಮಾತಿಲ್ಲ, ಏಳುವುದಿಲ್ಲ. ನಮ್ಮ ಮದುವೆಯಾದಂದಿನಿಂದ ನೋಡುತ್ತಿದ್ದೇನೆ. ಒಮ್ಮೆ ಕ್ವಾರ್ಟರ್ಸಿನಲ್ಲಿ ಹಾವು ಹೊಕ್ಕಾಗಲೂ ಎದ್ದಿರಲಿಲ್ಲ.

"ಅತ್ತೀ" ಅಂದೆ. ಮೆಲ್ಲಗೆ. ಗಟ್ಟಿಯಾಗಿ ಕೂಗಿದರೆ ತೊಲೆಗೆ ಕೇಳಿಸುತ್ತದೇನೋ ಅನ್ನುವ ಭಯ.

ಅತ್ತೆ ಹುಬ್ಬು ಗಂಟಿಕ್ಕಿದರು. ಅದರರ್ಥ: ಸುಮ್ಮನಿರು.

"ಅತ್ತೀ, ತೊಲಿ ಸೀಳ್ಲಿಕತ್ತದರಿ. ಏಳ್ರೀ."

ಎಡಗೈ ಅಲುಗಲಿಲ್ಲ. ಕಣ್ಣೂ ತೆರೆಯಲಿಲ್ಲ. ಈ ಸಲ ನನಗರಿವಿಲ್ಲದೆ ದನಿ ಏರಿತ್ತು. ಅಂಗಳದಲ್ಲಿದ್ದ ನಮ್ಮವರು ಅದನ್ನು ಕೇಳಿ ಓಡಿಬಂದು ಹೊಸ್ತಿಲಲ್ಲೇ ನಿಂತರು. ಮೇಲೆ ನೋಡಿದರು. ಆ ಮುಖದ ಬಣ್ಣ ನಾನು ಮರೆಯುವುದಿಲ್ಲ.

"ಯವ್ವಾ, ಏಳ್ ಯವ್ವಾ. ನಿನ್ನ ಕಾಲ ಬೀಳ್ತೀನಿ."

ಆಗ ಕೂಗಿತು ಭೋಂಗಾ!

ಶಹಾಬಾದ್, ವಾಡಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಖಣಿಯಲ್ಲಿ ಕಲ್ಲು ಸಿಡಿಸುವ ಮುಂಚೆ ಭೋಂಗಾ, ಅಂದರೆ ಸೈರನ್, ಕೂಗುತ್ತದೆ. ತುಸು ಹೊತ್ತಿಗೆ ಧಡ್ ಅನ್ನುತ್ತದೆ. ಅಡುಗೆಮನೆಯ ತಾಟು ಲೋಟ ಗಲಗಲ ಅನ್ನುತ್ತವೆ. ದಿನಾ ಆಗುವುದೇ. ಎಷ್ಟು ರೂಢಿಯೆಂದರೆ, ಅದು ಕೇಳಿಸದ ದಿನ ನಾವು ಗಡಿಯಾರ ನೋಡುತ್ತೇವೆ.

ಆ ದಿನ ಮಾತ್ರ ಭೋಂಗಾ ಕೇಳಿ ನಾನು ತೊಲೆಯ ಬಿಳಿ ಗೆರೆ ನೋಡಿದೆ.

ಓಡಿ ಹೊರಗೆ ಹೋಗಬಹುದಿತ್ತು. ನಿಜ ಹೇಳಲಾ? ಕಾಲು ಒಮ್ಮೆ ಹಾಗೇ ತಿರುಗಿತು. ಆದರೆ ಹೊರಗೆ ಹೋಗುವ ದಾರಿ ಇದ್ದದ್ದೂ ಅದೇ ತೊಲೆಯ ಕೆಳಗೆ, ಅತ್ತೆಯ ಪಕ್ಕದಲ್ಲಿ. ಅವರನ್ನು ದಾಟಿ ಹೋಗುವುದು ಹೇಗೆ? ರಟ್ಟೆ ಹಿಡಿದು ಎಳೆದರೆ ಲಿಂಗ ಅಂಗೈಯಿಂದ ಜಾರುತ್ತದೆ. ಲಿಂಗ ನೆಲಕ್ಕೆ ಬಿದ್ದರೆ ಈಕೆ ಬದುಕಿಯೂ ಬದುಕುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಮಾಡಬೇಕಾದದ್ದು ಏನು?

ಕಣ್ಣಿಗೆ ಬಿದ್ದದ್ದು ಕಂಬಳಿ. ಕೆಳಗೆ ನುಣುಪು ಫರಸಿ.

"ಕಂಬಳಿ ಹಿಡೀರಿ" ಅಂದೆ. ನಮ್ಮವರಿಗೆ ತಕ್ಷಣ ತಿಳಿಯಿತು (ಮದುವೆಯಾದಮೇಲೆ ಇದೇ ಮೊದಲು). ಮುಂದಿನ ಎರಡು ಮೂಲೆ ಅವರು ಹಿಡಿದರು. ಹಿಂದಿನಿಂದ ನಾನು ಅತ್ತೆಯ ಬೆನ್ನಿಗೆ ನನ್ನ ಮೊಣಕಾಲು ಆನಿಸಿ ನೂಕಿದೆ. ಅತ್ತೆ, ಲಿಂಗ, ಕಂಬಳಿ, ಮೂರೂ ಒಟ್ಟಿಗೆ ಫರಸಿಯ ಮೇಲೆ ಸರ್‌ರ್ ಅಂತ ಜಾರಿದವು. ಯಾವ ನೆಲಕ್ಕೆ ಸೋತು ಈ ಮನೆ ಕೊಂಡರೋ, ಅದೇ ನೆಲ ಈಗ ಅವರನ್ನು ಹೊರಗೆ ಕಳಿಸುತ್ತಿತ್ತು.

ಹೊಸ್ತಿಲಲ್ಲಿ ನಿಂತಿತು. ಹಳೇ ಕಾಲದ ಹೊಸ್ತಿಲು, ಮೊಣಕಾಲಿನ ಅರ್ಧದಷ್ಟು ಎತ್ತರ. ಮೇಲೆ ಮತ್ತೆ "ಟರ್‌ರ್". ನನ್ನ ಬೆನ್ನ ಮೇಲೆ ಮಣ್ಣು ಬಿತ್ತು. ಇಬ್ಬರೂ ಕಂಬಳಿ ಸಮೇತ ಎತ್ತಿದೆವು. ಅಷ್ಟು ಭಾರ ನಾನು ಜನ್ಮದಲ್ಲಿ ಎತ್ತಿಲ್ಲ. ಅತ್ತೆಯ ಬಲಗೈ ಬಂದು ಎಡಗೈಯನ್ನು ಮುಚ್ಚಿತು. ಅಷ್ಟೇ ಅವರು ಮಾಡಿದ್ದು.

ಪಡಸಾಲೆ ದಾಟಿ ಅಂಗಳಕ್ಕೆ ಬಂದೆವು. ಖಣಿಯ ಕಡೆಯಿಂದ ಧಡ್ ಅಂತು.

ಆಮೇಲೆ ನಮ್ಮ ಮನೆಯೊಳಗಿನಿಂದ. ಮೊದಲು ಕಟ್ಟಿಗೆ ಮುರಿದ ಸದ್ದು, ಹಿಂದೆಯೇ ಕಲ್ಲು, ಆಮೇಲೆ ತುಂಬಾ ಹೊತ್ತು, ಜೋಳದ ಚೀಲ ಸುರಿದ ಹಾಗೆ, ಬರೀ ಮಣ್ಣು. ಬಾಗಿಲಿನಿಂದ ಧೂಳು ಎದ್ದು ಬಂದು ಓಣಿಯನ್ನೆಲ್ಲ ತುಂಬಿತು. ಅತ್ತೆ ಅಂಗಳದಲ್ಲಿ ಕಂಬಳಿಯ ಮೇಲೆ ಕೂತೇ ಇದ್ದರು. ಪೂಜೆ ಮುಗಿಸಿ, ಲಿಂಗ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು, ಆಮೇಲೆ ಬಾಯಿ ಬಿಟ್ಟರು.

"ಹೊಸ್ತಲಿನ್ಯಾಗ ಜರಾ ಜೋಲಿ ಹೊಡಸಿದಿ ನೋಡು."

ನಾನು ಜೋರಾಗಿ ಅತ್ತುಬಿಟ್ಟೆ. ಸಿಟ್ಟಿಗೂ ಅತ್ತೆ, ಬದುಕಿದೆವಲ್ಲ ಅಂತಲೂ ಅತ್ತೆ. ಲಿಂಗ ಹಿಡಿದಿದ್ದ ಕೈಯಿಂದಲೇ ಅವರು ನನ್ನ ತಲೆಯ ಮೇಲಿನ ಮಣ್ಣು ಕೊಡವಿದರು.

(ಖಣಿಯವರನ್ನು ಬಯ್ಯಬೇಡಿ. ಆ ತೊಲೆ ಅವತ್ತಲ್ಲದಿದ್ದರೆ ಮರುದಿನ ಬೀಳುತ್ತಿತ್ತು.)

ಧೂಳು ಇಳಿದಮೇಲೆ ನೋಡಿದೆವು. ಬೀಳದೆ ಉಳಿದ ಅಂಚಿನಲ್ಲಿ ಮಣ್ಣು ಎದೆಯುದ್ದ ನಿಂತಿತ್ತು. ಕಪ್ಪು, ಕೆಂಪು, ಬಿಳುಪು, ಮತ್ತೆ ಕಪ್ಪು. ಒಂದೊಂದು ಪದರವೂ ಯಾರದೋ ಒಂದು ಬೇಸಗೆಯ ಬೆವರು. ಸುದ್ದಿ ಕೇಳಿ ಓಡಿಬಂದ ಗುರುಪಾದಪ್ಪ ಅದನ್ನು ನೋಡುತ್ತ ನಿಂತುಬಿಟ್ಟರು. "ಇದರ ಕೆಳಗ ನಮ್ಮ ಮಕ್ಕಳನ್ನ ಮಲಗಸೀವ್ರಿ ನಾವು" ಅಂದರು, ಅಷ್ಟೇ. ಅವರಿಗೆ ಏನನ್ನುವುದು? ಹಾಕುವುದನ್ನು ಅವರ ಅಪ್ಪ ಕಲಿಸಿದ್ದರು. ತೆಗೆಯುವುದನ್ನು ಯಾರೂ ಕಲಿಸಿರಲಿಲ್ಲ. ನಮ್ಮ ಸಂಸಾರಗಳಲ್ಲೂ ಹಾಗೇ ಅಲ್ಲವೇ? ಎಲ್ಲಿ ಸೋರಿತೋ ಅಲ್ಲಿ ಒಂದು ಬುಟ್ಟಿ ಮಣ್ಣು. ಸೋರುವುದು ನಿಂತರೆ ಸಾಕು, ತೊಲೆಯನ್ನು ಕೇಳುವವರು ಯಾರು?

ಮನೆ ಬಿಡುವುದಿಲ್ಲ ಅಂತ ಅತ್ತೆ ಹೇಳಲಿಲ್ಲ. ನಾನೇ ಹೇಳಿದೆ. ಉಳಿದ ಕೋಣೆಗಳ ಮೇಲಿನ ಮಣ್ಣು ಇಳಿಸಲು ಆಳು ಹಚ್ಚಿದೆವು. ಓಣಿಯಲ್ಲಿ ಗುಡ್ಡೆ ಬಿತ್ತು. ನಿನ್ನೆ ಪಕ್ಕದ ಶರಣಮ್ಮ ಬಂದು ಆ ಗುಡ್ಡೆಯ ಮುಂದೆ ನಿಂತಳು. ಒಂದು ಹಿಡಿ ತಗೊಂಡು ಅಂಗೈಯಲ್ಲಿ ಉಜ್ಜಿ ನೋಡಿದಳು.

"ಅಕ್ಕೋರ, ಛಲೋ ಮಣ್ಣದರಿ. ಚೆಲ್ಲಬ್ಯಾಡ್ರಿ. ನಮ್ಮ ಮಾಳಿಗಿ ಒಂದೀಟ ಸೋರ್ಲಿಕತ್ತದ, ನಾ ಹಾಕ್ಕೋತೀನಿ."

"ಶರಣಮ್ಮಾ, ನಮ್ದು ಬಿದ್ದದ್ದು ನೀ ನೋಡೀದಿಲ್ಲೋ?"

"ನೋಡೀನ್ರಿ. ನಿಮ್ಮ ತೊಲಿ ಹಳೀದಿತ್ತು. ನಮ್ಮದು ಭಾಳ ಗಟ್ಟಿ ಅದರಿ. ವರ್ಷಾ ಮಣ್ಣ ಹಾಕೀವಿ, ಒಂದ್ ವರ್ಷಾನೂ ತಪ್ಪಿಸಿಲ್ಲ."

ಬುಟ್ಟಿ ಜೊತೆಗೇ ತಂದಿದ್ದಳು. ಅವಳಿಗೂ ನಮಗೂ ಗೋಡೆ ಒಂದೇ. ಹೇಳಿ, ನಾನು ಇನ್ನು ಮಲಗುವುದು ಯಾವ ಕೋಣೆಯಲ್ಲಿ?