ಕೊರಳಿಂದ ತೆಗೆಯದ ಹಾರ

ಕೊರಳಿಗೆ ಹಾರ ಬಿತ್ತು. ಕೂಡಲೇ ತೆಗೆದು ಮೇಜಿನ ಮೇಲಿಟ್ಟು ಕೈಮುಗಿದೆ. ಹಾರ ಹಾಕಿದ ಮುದುಕಿಯ ಮುಖದ ನಗು ಹಾಗೇ ಒಣಗಿತು.

ದುಬೈ ಕಡಲತೀರದ ಈ ರೆಸಾರ್ಟಿನಲ್ಲಿ ಅದು ನನ್ನ ಮೊದಲ ದಿನ. ಒಂದು ಕಡೆ ಗಾಲ್ಫ್ ಮೈದಾನ, ಇನ್ನೊಂದು ಕಡೆ ಸ್ಪಾ, ನಡುವೆ ಹವಾಯಿ ದ್ವೀಪಗಳ ಹಾಡು, ಕುಣಿತ, ಹೂವು. ಇವನ್ನು ಕಲಿಸಲು ಅಲ್ಲಿಂದಲೇ ಬಂದ ಹಿರಿಯ ಹೆಂಗಸು ಹೊಸದಾಗಿ ಸೇರಿದವರಿಗೆಲ್ಲ ಹಾರ ಹಾಕುತ್ತಾರೆ. ಅವರ ಭಾಷೆಯಲ್ಲಿ ಹಾರಕ್ಕೆ ‘ಲೇ’, ಗುರುವಿಗೆ ‘ಕುಮು’. ನಾವೂ ಅವರನ್ನು ಕುಮು ಎಂದೇ ಕರೆಯುತ್ತೇವೆ.

“ಎಂತ ಮಾರಾಯ್ತಿ ನೀನು!” ಎಂದು ಸ್ಪಾ ಕೌಂಟರಿನ ಶಕುಂತಲಕ್ಕ ನನ್ನನ್ನು ಬದಿಗೆಳೆದರು. ಉಡುಪಿ ಕಡೆಯವರು, ಇಲ್ಲಿ ಹಳಬರು. “ಹಾಕಿದವರ ಎದುರೇ ತೆಗೆಯುವುದಾ? ನಿಮ್ಮ ಪ್ರೀತಿ ನಂಗೆ ಬೇಡ ಅಂತ ಅರ್ಥ ಅವರಲ್ಲಿ. ಪ್ರೊಬೇಷನ್ ಬೇರೆ. ಖಲಾಸ್ ನಿನ್ನ ಕತೆ!”

“ನಮ್ಮ ಕಡೆ ತಗೀಲಿಲ್ಲಂದ್ರ ಸೊಕ್ಕು ಅಂತಾರ್ರೀ ಅಕ್ಕಾ,” ಎಂದೆ. ಅಳುವುದೊಂದು ಬಾಕಿ.

ಸುಳ್ಳಲ್ಲ. ನಮ್ಮಲ್ಲಿ ಮಂತ್ರಿಯಿರಲಿ, ಮಾಸ್ತರಿರಲಿ, ಹಾರ ಎದೆಗೆ ತಾಗುವಷ್ಟರಲ್ಲಿ ತೆಗೆದು ಮೇಜಿಗಿಡುತ್ತಾರೆ. ಹಾಕಿಕೊಂಡು ಕೂತರೆ ಮೆರೆದಂತೆ. ನಾನು ಹಡಗಲಿ ಕಡೆಯ ಹೂಗಾರರ ಮಗಳು. ಅವ್ವ ಎರಡು ತಾಸು ಕೂತು ಕಟ್ಟಿದ ಹಾರಕ್ಕೆ ಎರಡು ನಿಮಿಷದ ಬಾಳು. ಸಮಾರಂಭ ಮುಗಿದ ಮೇಲೆ ಅವು ಮೇಜಿನಡಿ ಬಿದ್ದಿರುವುದನ್ನು ಎಷ್ಟು ಸಲ ನೋಡಿಲ್ಲ! “ನಿನ್ ಬೆರಳಿಗೆ ದಾರ ಸುತ್ತಬಾರ್ದು” ಎಂದೇ ಅವಳು ನನ್ನನ್ನು ಓದಿಸಿದಳು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗಳು ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಇಲ್ಲಿ ಅತಿಥಿಗಳನ್ನು ಎದುರುಗೊಳ್ಳುವ ಡೆಸ್ಕಿನ ಕೆಲಸ, ಎದೆಯ ಮೇಲೆ ಹೆಸರಿನ ಪಟ್ಟಿ. ಆರು ತಿಂಗಳ ಪ್ರೊಬೇಷನ್ ದಾಟದಿದ್ದರೆ ವೀಸಾ ರದ್ದು, ಮತ್ತೆ ಅದೇ ಹೂವಿನ ಬುಟ್ಟಿ.

ಮೊದಲ ದಿನದ ತಪ್ಪನ್ನು ಮ್ಯಾನೇಜರ್ ಫೈಲಿನಲ್ಲಿ ಬರೆದಿಟ್ಟರು. ಕುಮು ನನ್ನನ್ನು ನೋಡಿದಾಗಲೆಲ್ಲ ‘ಅಲೋಹಾ’ ಎಂದು ನಮಸ್ಕರಿಸಿ ಮುಂದೆ ಹೋಗುತ್ತಿದ್ದರು, ಅಷ್ಟೇ. ಅಲ್ ಬರ್ಷಾ ಬಡಾವಣೆಯಲ್ಲಿ ನನ್ನದು ಬೆಡ್ ಸ್ಪೇಸ್. ಅಂದರೆ ನಾಲ್ವರ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ. ಊರಲ್ಲಿ ಬೇಡವೆಂದರೂ ಮೂಗಿಗೆ ಮಲ್ಲಿಗೆ. ಇಲ್ಲಿ ಏಸಿ ಗಾಳಿ. ಹೂವು ಕಟ್ಟಲು ಬರುತ್ತದೆಂದು ಯಾರಿಗೂ ಬಾಯಿಬಿಡಲಿಲ್ಲ. ಗೊತ್ತಾದರೆ ಡೆಸ್ಕಿನಿಂದ ಎಬ್ಬಿಸಿ ಹೂವಿನ ಮೇಜಿಗೆ ಕೂರಿಸಿಯಾರು ಎಂಬ ಭಯ.

ಐದನೆಯ ತಿಂಗಳು. ಗಾಲ್ಫ್ ಆಡುವವರ ದೊಡ್ಡ ಗುಂಪೊಂದು ಬರುವುದಿತ್ತು. ಹಾರ ಪೋಣಿಸುವ ಇಬ್ಬರೂ ರಜೆ. ಕುಮು ಒಬ್ಬರೇ ದೇವಕಣಗಿಲೆಯ ರಾಶಿಯ ಮುಂದೆ ಕೂತಿದ್ದರು. ಸಂಧಿವಾತದಿಂದ ಊದಿದ ಬೆರಳುಗಳಿಂದ ಸೂಜಿ ಜಾರುತ್ತಿತ್ತು. “ಯಲ್ಲಾ, ಯಲ್ಲಾ! ಬೇಗ ಬೇಗ! ಬಸ್ಸು ಗೇಟಿಗೆ ಬಂತು,” ಎಂದು ಸೂಪರ್‌ವೈಸರ್ ಕೂಗಿದ.

ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ. ಸೂಜಿ ಮತ್ತೆ ನೆಲಕ್ಕೆ ಬಿತ್ತು. ಅದನ್ನು ಹೆಕ್ಕಲು ಆ ಮುದುಕಿ ಬಗ್ಗಿದ ರೀತಿ ಥೇಟ್ ಅವ್ವನದೇ. ಹೋಗಿ ಪಕ್ಕದಲ್ಲಿ ಕೂತೆ. ಸೂಜಿ ಬೇಕಾಗಲಿಲ್ಲ. ದಾರದ ತುದಿಯನ್ನು ಕುರ್ಚಿಯ ಕೈಗೆ ಸಿಕ್ಕಿಸಿ ಗಂಟು ಹಾಕುತ್ತ ಹೋದೆ. ಬೆರಳು ಏನನ್ನೂ ಮರೆತಿರಲಿಲ್ಲ.

“ಇದನ್ನು ಎಲ್ಲಿ ಕಲಿತೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು ಕುಮು.

“ನನ್ನ ತಾಯಿಯ ಕೆಲಸ ಇದು,” ಎಂದೆ. “ಮೊದಲ ದಿನ ಹಾರ ತೆಗೆದೆನಲ್ಲ, ನಮ್ಮಲ್ಲಿ ಅದು ಮರ್ಯಾದೆ.”

“ಅಯ್ಯೋ ಹುಡುಗಿ! ನನ್ನ ಹೂವಿನಲ್ಲೇ ಏನೋ ಕುಂದಿರಬೇಕು ಅಂತ ಐದು ತಿಂಗಳು ಕೊರಗಿದ್ದೇನೆ!” ಎಂದು ಮೈ ಕುಲುಕಿಸಿ ನಕ್ಕರು.

ಅವರಲ್ಲಿ ಹೂವು ಕಟ್ಟಲು ಕಲಿಸುವವಳು ಗುರು. ನಮ್ಮಲ್ಲಿ ಅವಳ ಜಾಗ ಗುಡಿಯ ಹೊರಗಿನ ಕಟ್ಟೆ. ಕುಮು ಮ್ಯಾನೇಜರ್ ಹತ್ತಿರ ಹೋಗಿ ನನ್ನನ್ನು ತಮ್ಮ ಜೊತೆ ಕೆಲಸಕ್ಕೆ ಕೊಡಿ ಎಂದು ಕೇಳಿದರು. “ಡೆಸ್ಕ್ ಬಿಡುವುದಿಲ್ಲ, ವಾರಕ್ಕೊಂದು ದಿನ ನಿಮ್ಮ ಜೊತೆ ಅತಿಥಿಗಳಿಗೆ ಕಲಿಸುತ್ತೇನೆ,” ಎಂದು ನೇರವಾಗಿಯೇ ಹೇಳಿದೆ. ಕೆಲಸ ಖಾಯಂ ಆಯಿತು. ಶಕುಂತಲಕ್ಕ ಗೋಳಿಬಜೆ ಮಾಡಿ ತಂದರು: “ತಗೊ, ಟೀಚರಮ್ಮ!”

ಹೋದ ರಜೆಯಲ್ಲಿ ಊರಿನ ಹೈಸ್ಕೂಲಿನವರು ಸನ್ಮಾನಕ್ಕೆ ಕರೆದರು. ಹೆಡ್‌ಮಾಸ್ತರು ಹಾಕಿದ್ದು ಅವ್ವ ಕಟ್ಟಿದ ಹಾರ. ಅಭ್ಯಾಸದಂತೆ ನನ್ನ ಕೈ ಕೊರಳಿಗೆ ಹೋಯಿತು. ಕೊನೆಯ ಸಾಲಿನಲ್ಲಿ ಅವ್ವ ಕೂತಿದ್ದಳು. ಕೈ ಕೆಳಗಿಳಿಸಿದೆ.

“ದುಬೈ ನೀರು ಕುಡದಾಳ, ಸೊಕ್ಕು ಬಂದೈತಿ ನೋಡ್ರಿ,” ಎಂದರು ಯಾರೋ, ನನಗೆ ಕೇಳಲೆಂದೇ. ಅಲ್ಲಿ ತೆಗೆದದ್ದು ತಪ್ಪು, ಇಲ್ಲಿ ತೆಗೆಯದಿದ್ದದ್ದು.

ಹಾರ ಕೊರಳಲ್ಲಿಟ್ಟುಕೊಂಡೇ ಅವ್ವನ ಜೊತೆ ಮನೆಗೆ ನಡೆದೆ. ಹೊಸ್ತಿಲಲ್ಲಿ ನಿಂತು, ಹಾರದಲ್ಲಿ ಮಡಚಿಕೊಂಡಿದ್ದ ಒಂದು ಹೂವನ್ನು ಬಿಡಿಸಿದಳು.

“ನಾ ಕಟ್ಟಿದ ಹಾರ ಕೊಳ್ಳಾಗ ಮನೀತನಕ ಬಂದಿದ್ದು ಇದ ಮೊದ್ಲ ನೋಡವ್ವಾ,” ಎಂದಳು. “ಇರ್ಲಿ. ಇನ್ನೊಂದೀಟು ಹೊತ್ತು ತಗೀಬ್ಯಾಡ.”