ರಾಜನ ಕಿವಿಯೊಳಗಿನ ಮೆಷಿನ್

ಶಿವಮೊಗ್ಗದ ಆ ಸಣ್ಣ ಕೋಣೆಯಲ್ಲಿ ನನ್ನ ಎರಡೂ ಕಿವಿಗೆ ಮೆಷಿನ್ ಕೂರಿಸಿ, "ಈಗ ಹೇಗೆ ಕೇಳ್ತಿದೆ ಮೇಡಂ?" ಎಂದು ಕಿವಿ ಪರೀಕ್ಷೆ ಮಾಡುವ ಹುಡುಗಿ ಕೇಳಿದಾಗ ನಾನು ಬಗ್ಗಿ ಕಾಲಿನ ಕಡೆ ನೋಡುತ್ತಿದ್ದೆ. ಗಂಜಿ ಹಾಕಿದ ನನ್ನ ಸೀರೆ ಕುರ್ಚಿಗೆ ಉಜ್ಜಿ ಸದ್ದು ಮಾಡಿತ್ತು. ಸೀರೆಗೆ ಸದ್ದಿದೆ ಎಂಬುದನ್ನೇ ಮರೆತಿದ್ದೆ. ಕಾಲು ಸರಿಸಿದೆ, ಮತ್ತೆ ಸದ್ದಾಯಿತು. ಇನ್ನೊಂದು ಕಾಲು ಸರಿಸಿದೆ. ಆ ಹುಡುಗಿ ಗಾಬರಿಯಿಂದ, "ನೋಯ್ತಿದೆಯಾ?" ಎಂದಳು. ನಾನು ನಗುತ್ತಿದ್ದೆ.

ಮೊದಲು ಕೇಳಿದ್ದು ಸೀರೆಯೋ, ತಲೆಯ ಮೇಲಿನ ಫ್ಯಾನೋ ಎಂದು ಈಗ ಆಣೆ ಮಾಡಿ ಹೇಳಲಾರೆ. ದಿನಚರಿಯಲ್ಲಿ ಸೀರೆ ಎಂದೇ ಬರೆದಿದ್ದೇನೆ. ಆದರೆ ಅದನ್ನು ಬರೆದದ್ದು ಮನೆಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಇದ್ದುದರಲ್ಲಿ ಚೆಂದದ್ದನ್ನು ಆರಿಸಿಕೊಳ್ಳಲು ನನಗೆ ಬೇಕಾದಷ್ಟು ಸಮಯ ಸಿಕ್ಕಿತ್ತು.

ಆಗ ನಾನು ಕೊಪ್ಪದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಊರಿಗೆ ಮೊಬೈಲು ಬಂದ ಹೊಸತು. ಕಿವಿ ಮಂದವಾಗುತ್ತ ಹೋದರೂ ಪಾಠ ಹೇಗೋ ನಡೆಯುತ್ತಿತ್ತು. ಅಲ್ಲಿ ಮಾತಾಡುವವಳು ನಾನು, ಕೇಳಬೇಕಾದವರು ಅವರು. ನನಗೆ ಕಿವಿ ಬೇಕಾಗಿದ್ದದ್ದು ತಾಳಮದ್ದಳೆಗೆ.

ನಮ್ಮದು ಹೆಂಗಸರ ತಂಡ. ಶನಿವಾರ ಮಧ್ಯಾಹ್ನ ಶಾಲೆಯ ಒಂದು ಕೋಣೆಯಲ್ಲಿ ಸೇರುತ್ತಿದ್ದೆವು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಮದ್ದಳೆ ಚೆಂಡೆ ನುಡಿಯುತ್ತವೆ. ಆಮೇಲೆ ಎದುರುಬದುರು ಕೂತವರು ತಮ್ಮ ತಮ್ಮ ಪಾತ್ರವಾಗಿ ಆ ಪದದ ಎಳೆ ಹಿಡಿದು ವಾದಕ್ಕಿಳಿಯುತ್ತಾರೆ. ಬರೆದಿಟ್ಟ ಮಾತಿಲ್ಲ, ಎದುರಿನವಳು ಏನು ಹೇಳಿದಳೋ ಅದಕ್ಕೆ ಆ ಕ್ಷಣದಲ್ಲಿ ಹುಟ್ಟಿದ್ದೇ ಉತ್ತರ. ಕಿವಿ ಹೋಗುತ್ತ ಬಂದಂತೆ ನನ್ನ ಪಾಲಿಗೆ ಬರೀ ಪೀಠಿಕೆಯ ಪಾತ್ರಗಳು ಬರತೊಡಗಿದವು. ಮೊದಲು ಕೂತು, ಒಬ್ಬಳೇ ದೀರ್ಘವಾಗಿ ಮಾತಾಡಿ, ಎದ್ದು ಬರುವುದು. ಮರ್ಯಾದೆಯ ಜಾಗವೇ. ಆದರೆ ಅಲ್ಲಿ ಯಾರೂ ನನಗೆ ಎದುರು ಹೇಳುವುದಿಲ್ಲ, ನಾನು ಯಾರಿಗೂ ಎದುರು ಹೇಳುವುದಿಲ್ಲ. ಮದುವೆ ಮನೆಯಲ್ಲಿ ಊಟ ಬಡಿಸದೆ ಬರೀ ಮೇಲ್ಪಂಕ್ತಿಯಲ್ಲಿ ಕೂರಿಸಿದ ಹಾಗಿತ್ತು.

ಶೃಂಗೇರಿಯಲ್ಲಿ ಒಂದು ಭಾನುವಾರ ನಮ್ಮ ತಂಡದ ಕೂಟವಿತ್ತು. ಸಂಧಾನಕ್ಕೆ ಬಂದ ದೂತನಿಗೂ ಬಗ್ಗದ ರಾಜನಿಗೂ ನಡೆಯುವ ವಾದ. ರಾಜನ ಪಾತ್ರ ನನಗೇ ಬೇಕೆಂದು ಕೇಳಿದೆ. ಭಾಗವತರು ನಮಗಿಂತ ಹಿರಿಯರು, ಮೆತ್ತಗಿನ ಮನುಷ್ಯ.

"ಮೆಷಿನ್ ಬಂತಲ್ಲ, ಕೂತ್ಕಳಿ ಮೇಡಂ," ಎಂದರು. "ಆದ್ರೆ ಎಲ್ಲಾದ್ರೂ ಮಾತು ತಪ್ಪಿದ್ರೆ ನಾನು ಪದ ಎತ್ತ್‌ಬಿಡ್ತೀನಿ. ಬೇಜಾರು ಮಾಡ್ಕಬಾರ್ದು."

ಪದ ಎತ್ತುವುದೆಂದರೆ, ಮಾತು ಸಿಕ್ಕದೆ ಕೂತವರನ್ನು ಉಳಿಸಲು ಭಾಗವತರು ಮುಂದಿನ ಹಾಡನ್ನು ಶುರುಮಾಡಿಬಿಡುವುದು. ನೋಡುವವರಿಗೆ ಅದು ತಿಳಿಯುವುದಿಲ್ಲ. ಕೂತವಳಿಗೆ ತಿಳಿಯುತ್ತದೆ. ಆ ದಿನ ನನಗಾಗಿ ಪದ ಎತ್ತಿದರೆ ಅಲ್ಲಿಂದ ಮುಂದೆ ಪೀಠಿಕೆಯೇ ಗತಿ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೆಷಿನ್ನುಗಳು ಒಂದೊಂದೂ ಗೋಡಂಬಿಯಷ್ಟಿದ್ದವು. ಅದಕ್ಕೂ ಮೊದಲು ನನ್ನ ಕಿವಿಯೊಳಗೆ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದಿದ್ದರು. ಕೆಂಪು ಚುಕ್ಕೆಯದು ಬಲಕ್ಕೆ, ನೀಲಿಯದು ಎಡಕ್ಕೆ. ಸೆಲ್ಲಿನ ಮೇಲಿನ ಸ್ಟಿಕ್ಕರ್ ಕಿತ್ತು ಸ್ವಲ್ಪ ಹೊತ್ತು ಗಾಳಿಗಿಟ್ಟು ಆಮೇಲೆ ಹಾಕಬೇಕು. ಮಲಗುವಾಗ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿಡಬೇಕು. ಬೆಳಿಗ್ಗೆ ಪುಟ್ಟ ಬ್ರಷ್ಷಿನಿಂದ ತೂತಿನ ಗುಗ್ಗೆ ತೆಗೆಯಬೇಕು. ನೀರು ತಾಗಿಸಬಾರದು. ಇವೆಲ್ಲ ನನಗೆ ಕಷ್ಟವೆನಿಸಲಿಲ್ಲ. ಹೊಸ ಓಲೆ ಮಾಡಿಸಿಕೊಂಡವಳ ಹಾಗೆ ಗಳಿಗೆಗೊಮ್ಮೆ ಡಬ್ಬಿ ತೆಗೆದು ನೋಡುತ್ತಿದ್ದೆ.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ನಿಂತು ಗೋಡೆ ಗಡಿಯಾರದ ಟಿಕ್ ಟಿಕ್‌ಗಾಗಿ ಕಾದೆ. ಕೇಳಿಸಲಿಲ್ಲ. ಕುರ್ಚಿ ಹತ್ತಿ ಕಿವಿ ಹತ್ತಿರ ಒಯ್ದೆ. ಆಗಲೂ ಇಲ್ಲ.

"ನೋಡಿ, ಇದು ಕೆಟ್ಟಿದೆ," ಎಂದು ಗಂಡನಿಗೆ ಹೇಳಿದೆ. "ಮೆಷಿನ್ ಇಲ್ಲದೇ ಇದ್ದಾಗ್ಲೂ ನನಗೆ ಈ ಗಡಿಯಾರ ಕೇಳ್ತಿತ್ತು. ಈಗ ಅದೂ ಹೋಯ್ತು."

ಅವರು ಪೇಪರಿನಿಂದ ತಲೆಯೆತ್ತಿ ನನ್ನನ್ನೂ ಕುರ್ಚಿಯನ್ನೂ ನೋಡಿದರು. "ಕೀಲಿ ಕೊಡೋ ಗಡಿಯಾರ ತೆಗ್ದು ಎಷ್ಟು ಕಾಲ ಆಯ್ತು ಮಾರಾಯ್ತಿ. ಇದು ಸೆಲ್ಲಿಂದು. ಮುಳ್ಳು ಸುಮ್ನೆ ಜಾರ್ತದೆ. ಇದು ಯಾವತ್ತೂ ಸದ್ದು ಮಾಡಿದ್ದೇ ಇಲ್ಲ."

ನಾನು ಕುರ್ಚಿಯಿಂದ ಇಳಿಯುವುದನ್ನೂ ಮರೆತು ನಿಂತೆ. ಹಾಗಾದರೆ ಅಷ್ಟು ಕಾಲ ಕೇಳಿದ್ದು ಯಾವುದನ್ನು? ಹಳೆಯ ಗಡಿಯಾರದ ನೆನಪನ್ನು. ಕಿವಿ ತನ್ನ ಕೆಲಸ ಬಿಟ್ಟಾಗ ನೆನಪು ಯಾರನ್ನೂ ಕೇಳದೆ ಬಂದು ಆ ಕೆಲಸಕ್ಕೆ ನಿಂತಿತ್ತು. ನಾನು ವ್ಯತ್ಯಾಸ ತಿಳಿಯದೆ ಅದಕ್ಕೇ ಸಂಬಳ ಕೊಡುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ನಮಗೆ ಆಧಾರಗಳನ್ನು ಅನುಮಾನಿಸಲು ಕಲಿಸಿದ್ದರು. ಶಾಸನ, ಪತ್ರ, ಪ್ರವಾಸಿಗರ ಬರಹ, ಎಲ್ಲವನ್ನೂ. ನನ್ನ ಕಿವಿಯನ್ನು ಅನುಮಾನಿಸಬೇಕೆಂದು ಹೊಳೆದಿರಲಿಲ್ಲ. ಬೇಸರವಾಗಬೇಕಿತ್ತೇನೋ. ನನಗೆ ಆದದ್ದು ವಿಪರೀತ ಖುಷಿ. ಆ ದಿನವೆಲ್ಲ ಮನೆಯ ಒಂದೊಂದು ಸಾಮಾನಿನ ಬಳಿ ಹೋಗಿ, ನೀನು ನಿಜವಾಗಿ ಹೇಗೆ ಸದ್ದು ಮಾಡುತ್ತೀ ಎಂದು ಪರೀಕ್ಷೆ ಮಾಡಿದೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದು ನಾನು ಅಂದುಕೊಂಡದ್ದಕ್ಕಿಂತ ಬಹಳ ಒರಟು. ನಾನು ಹಪ್ಪಳ ತಿನ್ನುವ ಸದ್ದು ನನಗೇ ನಾಚಿಕೆ ಬರುವಷ್ಟು.

ಶನಿವಾರದ ಅಭ್ಯಾಸಕ್ಕೆ ಕಾಲು ನೆಲಕ್ಕೆ ತಾಗದವಳ ಹಾಗೆ ಹೋದೆ. ನನ್ನೆದುರು ದೂತನಾಗಿ ಕೂರುವವಳು ಹಿರೇಕೊಡಿಗೆಯ ಗೆಳತಿ. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಬಾಯಿ ಬಹಳ ಜೋರು.

"ಎಲ್ಲಿ ತೋರ್ಸೇ, ಕಿವಿಗೆ ಹೊಸ ಒಡವೆಯಂತೆ," ಎಂದು ನನ್ನ ಕೂದಲು ಸರಿಸಿ ಇಣುಕಿದಳು. "ಅಯ್ಯ, ಕಾಣೂದೇ ಇಲ್ವಲ್ಲೇ! ಯಾರಿಗೂ ಕಾಣದ ಒಡವೆಗೆ ಅಷ್ಟು ದೂರ ಹೋಗಿದ್ಯ?"

ಚಳಿಗಾಲ. ನಾನು ಶಾಲನ್ನು ತಲೆಯ ಮೇಲೆ ಎಳೆದುಕೊಂಡೆ. ಭಾಗವತರು ಹಾಡಲು ಬಾಯಿ ತೆರೆಯುವುದಕ್ಕೂ ಕೋಣೆಯಲ್ಲಿ 'ಕುಂಯ್' ಎಂದು ಸದ್ದೇಳುವುದಕ್ಕೂ ಸರಿಹೋಯಿತು. ಅವರು ಹಾಡು ನಿಲ್ಲಿಸಿ ಶ್ರುತಿಪೆಟ್ಟಿಗೆಯನ್ನು ತಟ್ಟಿದರು. ಮತ್ತೆ ಶುರುಮಾಡಿದರು. ಮತ್ತೆ ಕುಂಯ್.

"ಎಂತ ಬಂತು ಈ ಪೆಟ್ಟಿಗೆಗೆ?"

"ಪೆಟ್ಟಿಗೆಗಲ್ಲ ಭಾಗವತ್ರೆ, ನಿಮ್ಮ ರಾಜಂಗೆ ಬಂದಿದ್ದು," ಎಂದಳು ಗೆಳತಿ. ಶಾಲು ಕಿವಿಗೆ ಒತ್ತಿದರೆ ಮೆಷಿನ್ ಕೂಗುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಶಾಲು ಹೆಗಲಿಗೆ ಇಳಿಯಿತು.

ಮೆಷಿನ್ನಿನಲ್ಲಿ ಸಿಡಿಲಿನಂತೆ ಬಡಿಯುತ್ತಿದ್ದ ಚೆಂಡೆಗೆ ಒಂದು ಉಪಾಯ ಕಂಡುಕೊಂಡೆ. ಪದ ಶುರುವಾದೊಡನೆ ಉಗುರಿನಿಂದ ಮೆಷಿನ್ನಿನ ಪುಟ್ಟ ಗಾಲಿ ತಿರುಗಿಸಿ ಸದ್ದು ಇಳಿಸುವುದು, ಪದ ಮುಗಿದೊಡನೆ ಏರಿಸುವುದು. ರಾಜ ಕರ್ಣಕುಂಡಲ ಸವರಿಕೊಂಡ ಹಾಗೆ ಕಾಣುತ್ತದೆ, ಬಹಳ ಗತ್ತು ಎಂದು ಭಾಗವತರೇ ಮೆಚ್ಚಿದರು.

ಆಮೇಲೆ ವಾದ ಶುರುವಾಯಿತು. ದೂತ ಹೇಳಿದ, ರಾಜ ಉತ್ತರಿಸಿದ. ನನ್ನ ಮಾತು ಹರಿಯುತ್ತಿತ್ತು. ಗೆಳತಿ ಇದ್ದಕ್ಕಿದ್ದಂತೆ ಪಾತ್ರ ಬಿಟ್ಟು ಕೂತಳು.

"ನಾನು ಹೇಳಿದ್ದು ಕೇಳ್ಸಿತಾ ನಿಂಗೆ?"

"ಕೇಳಿಸ್ತು. ಯುದ್ಧದಲ್ಲಿ ಗೆದ್ದವನೂ ಅಳ್ತಾನೆ ಅಂದೆ."

"ಮತ್ತೆ ಉತ್ರ ಎಂತಕ್ಕೆ ವಂಶದ ವಿಷ್ಯಕ್ಕೆ ಕೊಡ್ತಿದೀಯ? ಅದು ನಾನು ಹೋದ ವರ್ಷ ಹೇಳಿದ್ದು ಮಾರಾಯ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ನಾಚಿಕೆಯಿಂದ. ಒಂದೊಂದು ಶಬ್ದವೂ ಸ್ಪಷ್ಟವಾಗಿ ಕಿವಿಗೆ ಬಿದ್ದಿತ್ತು. ಬಿದ್ದದ್ದನ್ನು ಪಕ್ಕಕ್ಕೆ ಸರಿಸಿ, ದೂತ ಸಾಮಾನ್ಯವಾಗಿ ಏನು ಹೇಳುತ್ತಾನೋ ಅದಕ್ಕೆ ಉತ್ತರ ಕೊಟ್ಟಿದ್ದೆ. ಕೇಳಿಸದ ವರ್ಷಗಳಲ್ಲಿ ಊಹೆಯಿಂದ ವಾದ ಮಾಡಿ ನಾಲಿಗೆಗೆ ಅದೇ ರೂಢಿಯಾಗಿತ್ತು. ಕಿವಿಯನ್ನು ಶಿವಮೊಗ್ಗದಿಂದ ತಂದೆ. ಕೇಳುವ ಅಭ್ಯಾಸವನ್ನು ಎಲ್ಲಿಂದ ತರುವುದು? ಆ ವಾರವಿಡೀ ಯಾರು ಏನು ಹೇಳಿದರೂ ಉತ್ತರ ಕೊಡುವ ಮೊದಲು ಅವರ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡೆ. ತರಕಾರಿಯವನು ನಾನು ಚೌಕಾಶಿ ಮಾಡುತ್ತಿದ್ದೇನೆ ಎಂದುಕೊಂಡು ತಾನಾಗಿಯೇ ಬೆಲೆ ಇಳಿಸಿದ.

ಕೂಟದ ಭಾನುವಾರ ಬೇಗ ಎದ್ದು ಎಣ್ಣೆ ಸ್ನಾನ ಮಾಡಿದೆ. ಒಳ್ಳೆಯ ದಿನವೆಂದರೆ ಎಣ್ಣೆ ಸ್ನಾನ, ಎಣ್ಣೆ ಸ್ನಾನವೆಂದರೆ ಎರಡೂ ಕಿವಿಗೆ ಬೆಚ್ಚಗಿನ ಕೊಬ್ಬರಿ ಎಣ್ಣೆಯ ಒಂದೊಂದು ತೊಟ್ಟು. ಅದು ಕೈಗೆ ಹುಟ್ಟಿನಿಂದ ಬಂದದ್ದು, ತಲೆಯನ್ನು ಕೇಳಿ ಮಾಡುವುದಲ್ಲ. ಹೊಸ ಸೆಲ್ಲು ಹಾಕಿ, ಮೆಷಿನ್ ಕೂರಿಸಿ, ಬಸ್ಸು ಹತ್ತಿದೆ. ಶೃಂಗೇರಿ ತಲುಪುವ ಹೊತ್ತಿಗೆ ಲೋಕಕ್ಕೆ ಯಾರೋ ಕಂಬಳಿ ಹೊದಿಸಿದ ಹಾಗಾಗಿತ್ತು. ಗೆಳತಿಯ ತುಟಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ.

ಸಭೆಯ ಹಿಂದಿನ ಕೋಣೆಯಲ್ಲಿ ಮೆಷಿನ್ ತೆಗೆದು ಅವಳ ಕೈಗಿಟ್ಟೆ. ಅವಳು ಮೂಸಿ ನೋಡಿದಳು. ನಾನು ಒಂದನ್ನು ತೊಟ್ಟುಕೊಂಡು ಹತ್ತಿರ ಬಾಗಿದಾಗ ಕೂಗಿ ಹೇಳಿದಳು: "ಕೊಬ್ಬರಿ ಎಣ್ಣೆ! ರಾಜಂಗೆ ಒಗ್ಗರಣೆ ಹಾಕಿದೀಯಲ್ಲೇ!"

ಇಬ್ಬರೂ ಕಿಟಕಿಯ ಬೆಳಕಿಗೆ ಕೂತೆವು. ಬ್ರಷ್ಷಿನಿಂದ ತೂತು ಉಜ್ಜಿದೆವು, ಬತ್ತಿಯ ಹತ್ತಿಯನ್ನು ಸೂಜಿಯಷ್ಟು ಸಣ್ಣಗೆ ಹೊಸೆದು ಎಣ್ಣೆ ಹೀರಿಸಿದೆವು, ನನ್ನ ಕಿವಿಯನ್ನೂ ಒರೆಸಿದೆವು. ಹೊರಗೆ ಮದ್ದಳೆಗೆ ಶ್ರುತಿ ಮಾಡುತ್ತಿದ್ದರು ಎಂದು ಅವಳು ಹೇಳಿದ್ದರಿಂದ ಗೊತ್ತಾಯಿತು. ಕೆಂಪು ಚುಕ್ಕೆಯದು ಬಾಯಿ ಬಿಟ್ಟಿತು. ನೀಲಿಯದು ಬಿಡಲೇ ಇಲ್ಲ.

ಭಾಗವತರು ನನ್ನ ಮುಖ ನೋಡಿದರು. "ಇವತ್ತು ಪೀಠಿಕೆ ಮಾಡ್ತೀರಾ ಮೇಡಂ?"

"ಬಲಗಿವಿ ಇದೆ. ಅವಳನ್ನ ನನ್ನ ಬಲಗಡೆ ಕೂರಿಸಿ ಸಾಕು."

ಹಾಗೆ ಆ ದಿನ ರಾಜ ದೂತನಿಗೆ ಪೂರ್ತಿ ಮುಖ ಕೊಡದೆ ಒಂದು ಪಕ್ಕ ತಿರುಗಿ ಕೂತ. ಸಭೆಗೆ ಅದು ಅಹಂಕಾರವಾಗಿ ಕಂಡಿರಬೇಕು. ಕಂಡರೆ ಒಳ್ಳೆಯದೇ.

ಮೊದಲಿನ ವಾದಗಳು ಸಲೀಸಾಗಿ ಹೋದವು. ಅವಳು ಹೇಳಿದ್ದನ್ನು ಮನಸ್ಸಿನಲ್ಲಿ ಹೇಳಿಕೊಂಡು, ಅದಕ್ಕೇ ಉತ್ತರ ಕೊಟ್ಟೆ. ಜನ ಮುಂದಕ್ಕೆ ಬಾಗಿದರು. ಆಗ ಅವಳು ಒಮ್ಮೆ ಭಾಗವತರ ಕಡೆ ನೋಡಿ ಹೀಗೆಂದಳು:

"ಪ್ರಭುಗಳೇ, ಎಷ್ಟೋ ದೂತರು ಈ ಸಭೆಗೆ ಬಂದು ಹೋದರು. ಅವರೆಲ್ಲ ಹೇಳಿದ್ದು ತಮಗೆ ಬಾಯಿಪಾಠ. ಆದ್ದರಿಂದ ನಾನು ಹೇಳುವುದಿಲ್ಲ. ನಾನು ಏನು ಹೇಳಲು ಬಂದಿದ್ದೇನೆಂದು ತಾವೇ ಹೇಳಿ."

ಇಂಥ ಮಾತು ಯಾವ ದೂತನ ಬಾಯಲ್ಲೂ ನಾನು ಕೇಳಿರಲಿಲ್ಲ. ಹಳೆಯ ಉತ್ತರಗಳೆಲ್ಲ ಓಡಿ ಬಂದು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿದವು, ಒಂದೂ ಹೊಂದಲಿಲ್ಲ. ಆದರೂ ಹೆದರಿಕೆಗಿಂತ ಹೆಚ್ಚು ಸಂತೋಷವೇ ಆಯಿತು: ಒಂದು ಮಾತು ಹೊರಗಿನಿಂದ, ನನಗೆ ಗೊತ್ತೇ ಇಲ್ಲದ ಮಾತು, ನೇರ ಕಿವಿಗೆ ಬಂದಿತ್ತು. ಭಾಗವತರು ಪದ ಶುರುಮಾಡಲು ತಾಳ ಎತ್ತಿದ್ದು ಕಣ್ಣಂಚಿಗೆ ಕಂಡಿತು. ನಾನು ಕೈಯೆತ್ತಿ ತಡೆದೆ.

"ದೂತನೇ," ಎಂದೆ. "ಬಂದು ಹೋದವರ ಮಾತು ನಮಗೆ ನೆನಪಿದೆ. ನೆನಪಿರುವುದನ್ನು ನಿನ್ನ ಬಾಯಿಗೆ ತುರುಕಿದರೆ ನೀನು ಇಲ್ಲಿಗೆ ಬಂದದ್ದೇ ಸುಳ್ಳಾಗುತ್ತದೆ. ನಿನ್ನ ಮಾತು ನಮಗೆ ಗೊತ್ತಿಲ್ಲ. ಇಗೋ, ಕಿವಿ ಕೊಟ್ಟಿದ್ದೇವೆ. ಹೇಳು."

ಚಪ್ಪಾಳೆ ಬಿತ್ತು. ಅದು ಒಂದೇ ಕಿವಿಗೆ ಬಿದ್ದರೂ ಸಾಕಾಗಿತ್ತು. ಈಗ ಹೇಳಬೇಕಾದ ಸರದಿ ಅವಳದು. ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, ಮೊದಲಿಗಿಂತ ಜೋರಾಗಿ ಮಾತಿನಲ್ಲಿ ಮೇಲೆ ಬಿದ್ದಳು. ವಾದ ಮತ್ತೂ ಬಹಳ ಹೊತ್ತು ನಡೆಯಿತು. ಏನೇನು ಹೇಳಿದೆವೆಂದು ಇಲ್ಲಿ ಬರೆಯಲಾರೆ. ನೆನಪಿನಿಂದ ಬರೆದರೆ ನಾನೇ ಗೆದ್ದಂತಾಗುತ್ತದೆ.

ಕೊಪ್ಪಕ್ಕೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳನ್ನು ನನ್ನ ಬಲಕ್ಕೇ ಕೂರಿಸಿಕೊಂಡೆ. "ಆ ಪ್ರಶ್ನೆ ಎಷ್ಟು ದಿನದಿಂದ ಬಚ್ಚಿಟ್ಟಿದ್ದೆ ಹೇಳು," ಎಂದೆ.

"ಎಂತ ಬಚ್ಚಿಡೂದು? ನಂಗೆ ಮಾತೇ ಬರ್ಲಿಲ್ಲ ಮಾರಾಯ್ತಿ. ತಲೆ ಖಾಲಿ. ಅದ್ಕೆ ನಿನ್ ಮೇಲೆ ಹಾಕ್ದೆ. ಭಾಗವತ್ರು ತಾಳ ಎತ್ತಿದ್ದು ನಂಗೋಸ್ಕರ."

ನನಗೆ ನಂಬಿಕೆಯಾಗಲಿಲ್ಲ. ಅವಳೂ ಹಾಗೆ ನೆನಪಿಟ್ಟುಕೊಂಡಿದ್ದಾಳೋ, ನನ್ನನ್ನು ಚುಡಾಯಿಸಲು ಹೇಳಿದಳೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಹರಿಹರಪುರದಲ್ಲಿ ಜನ ಹತ್ತಿಸಿಕೊಳ್ಳಲು ಬಸ್ಸು ನಿಂತಿತು. ಮುಂದಿನ ಸೀಟಿನಲ್ಲಿದ್ದ ಭಾಗವತರು ತಲೆ ತಿರುಗಿಸದೆ, ನನಗೆ ತುಟಿ ಕಾಣಬೇಕೆಂಬ ಯೋಚನೆಯೇ ಇಲ್ಲದೆ, ಗಾಜಿನ ಕಡೆ ಮುಖ ಮಾಡಿಕೊಂಡೇ ಕೇಳಿದರು:

"ಎನ್.ಆರ್.ಪುರದ ಕೂಟಕ್ಕೆ ರಾಜ ಯಾರು?"

"ನಾನೇ," ಎಂದೆ. ಅವಳಿಗಿಂತ ಮೊದಲು.